ಮೋಸಗಾರನಿಗೆ ‘ಚಾರ್ ಸೌ ಬೀಸ್’ ಎಂಬ ಹೆಸರೇಕೆ?

ಪ್ರಶ್ನೆ: ಮುಂಬೈಯಲ್ಲಿ ‘ಚೀಟಿಂಗ್’ ಮಾಡಿದವನನ್ನು ‘ಚಾರ್ ಸೌ ಬೀಸ್’ ಎನ್ನುವುದೇಕೆ?

ಉತ್ತರ: ‘ಚೀಟ್’ ಎಂಬುದು ‘ಎಸ್ಚೀಟ್’ ಎಂಬ ಹಳೆಯ ಕಾನೂನು ಪದದ ಮೊಟಕು ರೂಪವಾಗಿದ್ದು, ವಾರಸುದಾರರಿಲ್ಲದ ಆಸ್ತಿ ಒಡೆಯನಿಗೋ ಅರಸನಿಗೋ ಸೇರುವುದೆಂಬುದು ಅದರ ಅರ್ಥವಾಗಿತ್ತು. ಇಂಥ ಆಸ್ತಿಯನ್ನು ವಶಪಡಿಸಿಕೊಳ್ಳುವ ಅಧಿಕಾರಿಗಳು ಅನ್ಯಾಯವಾಗಿಯೂ ಕಬಳಿಸುತ್ತಿದ್ದುದರಿಂದ ಪದಕ್ಕೆ ವಂಚನೆಯ ಅರ್ಥ ಅಂಟಿಕೊಂಡಿತು. 1860ರ ಭಾರತೀಯ ದಂಡ ಸಂಹಿತೆಯ 415ನೆಯ ಕಲಮು ‘ಚೀಟಿಂಗ್’ ಎಂದರೇನೆಂದು ವಿವರಿಸಿದರೆ, ವಂಚಿಸಿ ಸ್ವತ್ತು ಪಡೆದವನಿಗೆ 7 ವರ್ಷಗಳವರೆಗಿನ ಸಜೆಯನ್ನೂ ದಂಡವನ್ನೂ ಗೊತ್ತುಪಡಿಸಿದ್ದು 420ನೆಯ ಕಲಮು. ಹಿಂದಿಯಲ್ಲಿ ‘ಚಾರ್ ಸೌ ಬೀಸ್’ ಎಂದರೆ 420; ಹೀಗೆ ಅಂಕಿಯೇ ಬೈಗುಳವಾಯಿತು. ಹೊಟ್ಟೆಪಾಡಿಗೆ ಮುಂಬೈಗೆ ಬಂದ ಅಲಹಾಬಾದಿನ ಯುವಕ ವಂಚಕರ ಕೂಟ ಸೇರುವ ಕಥೆಯುಳ್ಳ ರಾಜ್ ಕಪೂರರ ‘ಶ್ರೀ 420’ (1955) ಅದನ್ನು ಮನೆಮಾತಾಗಿಸಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮು ಆ ಜಾಗಕ್ಕೆ ಬಂದಿದ್ದರೂ, ಟೋಪಿ ಹಾಕಿದವನು ಜನರ ಬಾಯಲ್ಲಿ ಇಂದಿಗೂ 420ಯೇ.