ಒರೆಸಿಟ್ಟರೆ ಬಾಳುವ ಜಪಾನಿ ಚಾಕು

ಜಪಾನಿನಲ್ಲಿ ಐದನೆಯ ತರಗತಿಗೆ ಬಂದ ಹುಡುಗ ಹುಡುಗಿಯರಿಗೆಲ್ಲ ಗೃಹವಿಜ್ಞಾನ ಕಡ್ಡಾಯ ಪಾಠ. ಅನ್ನ ಮಾಡುವುದು, ಗುಂಡಿ ಹೊಲಿಯುವುದರ ಜೊತೆಗೆ ತರಕಾರಿ ಹೆಚ್ಚುವುದನ್ನೂ ಮಕ್ಕಳು ಅಲ್ಲಿ ಕಲಿಯುತ್ತಾರೆ. ‘ಚಾಕು ಮುಟ್ಟಬೇಡ’ ಎಂದು ಗದರುವ ಬದಲು ಅದನ್ನು ಹಿಡಿಯುವ ಬಗೆಯನ್ನು ಕಲಿಸುವ ಆ ನಾಡಿನಲ್ಲಿ ಚಾಕು ಮಾಡುವುದೂ ಒಂದು ದೊಡ್ಡ ವಿದ್ಯೆ.

ಒಸಾಕಾ ಬಳಿಯ ಸಕಾಯ್ ನಗರ ಈ ವಿದ್ಯೆಗೆ ಹೆಸರುವಾಸಿ. ಪೋರ್ಚುಗೀಸರ ಕಾಲದಲ್ಲಿ ಜಪಾನಿಗೆ ತಂಬಾಕು ಬಂದ ಮೇಲೆ ಅದರ ಎಲೆಯನ್ನು ಸಣ್ಣಗೆ ಕೊಚ್ಚುವ ಚಾಕುಗಳನ್ನು ಇಲ್ಲಿಯ ಕಮ್ಮಾರರು ತಯಾರಿಸತೊಡಗಿದರು. 1876ರಲ್ಲಿ ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನು ಸರ್ಕಾರ ನಿಷೇಧಿಸಿದಾಗ ದೇಶದ ಹಲವು ಖಡ್ಗ ಕಮ್ಮಾರರು ಹೊಟ್ಟೆಪಾಡಿಗಾಗಿ ಅಡುಗೆಮನೆಯ ಚಾಕುಗಳತ್ತ ಹೊರಳಿದರು. ಸಕಾಯ್‌ನಲ್ಲಿ ಇಂದಿಗೂ ಬಡಿಯುವವರು ಒಬ್ಬರು, ಮಸೆಯುವವರು ಇನ್ನೊಬ್ಬರು, ಹಿಡಿ ಹಾಕುವವರು ಮತ್ತೊಬ್ಬರು.

ಹರಿತದ ಗುಟ್ಟು

ಶುದ್ಧ ಕಬ್ಬಿಣ ಮೆತು. ಅದಕ್ಕೆ ಇಂಗಾಲ ಸೇರಿದಾಗ ಅದು ಉಕ್ಕಾಗುತ್ತದೆ. ಒಳ್ಳೆಯ ಜಪಾನಿ ಚಾಕುವಿನ ಉಕ್ಕಿನಲ್ಲಿ ಶೇಕಡಾ 1ಕ್ಕಿಂತ ತುಸು ಹೆಚ್ಚು ಇಂಗಾಲ ಇರುತ್ತದೆ. ಈ ಉಕ್ಕನ್ನು ಮೆತುವಾದ ಕಬ್ಬಿಣದ ಜೊತೆ ಕುಲುಮೆಯಲ್ಲಿ ಕಾಯಿಸಿ, ಬಡಿದು ಬೆಸೆಯುತ್ತಾರೆ. ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ತಟ್ಟನೆ ನೀರಿನಲ್ಲಿ ಅದ್ದಿದಾಗ ಉಕ್ಕು ಗಟ್ಟಿಯಾಗುತ್ತದೆ, ಆದರೆ ಗಾಜಿನಂತೆ ಪೆಡಸೂ ಆಗುತ್ತದೆ. ಮತ್ತೆ ಹದವಾದ ಶಾಖ ಕೊಟ್ಟು ಆ ಪೆಡಸನ್ನು ತಗ್ಗಿಸುತ್ತಾರೆ. ಗಟ್ಟಿ ಉಕ್ಕು ಹರಿತವನ್ನು ಉಳಿಸಿಕೊಳ್ಳುತ್ತದೆ. ಬೆನ್ನಿಗಿರುವ ಮೆತು ಕಬ್ಬಿಣ ಪೆಟ್ಟು ತಡೆಯುತ್ತದೆ.

ಯಾವುದನ್ನು ಆರಿಸಬೇಕು?

ಸಸ್ಯಾಹಾರಿಗಳ ಮನೆಗೆ ‘ನಕಿರಿ’ ಸಾಕು. ಆಯತಾಕಾರದ ತೆಳು ಅಲಗಿನ ಇದು ತರಕಾರಿಗೆಂದೇ ಇರುವ ಚಾಕು. ತರಕಾರಿ, ಮೀನು, ಮಾಂಸ ಮೂರಕ್ಕೂ ಒಂದೇ ಬೇಕೆಂದರೆ ‘ಸಂತೊಕು’. ಮನೆ ಬಳಕೆಗೆ 165ರಿಂದ 180 ಮಿಲಿಮೀಟರ್ ಉದ್ದದ ಅಲಗು ಅನುಕೂಲ. ಮೀನು ಕೊಯ್ಯುವ ‘ದೆಬಾ’, ಹಸಿ ಮೀನಿನ ತೆಳು ಹೋಳು ಮಾಡುವ ‘ಯನಗಿಬಾ’ ಇವು ಸಾಮಾನ್ಯವಾಗಿ ಒಂದೇ ಬದಿಗೆ ಮಸೆದಂಥವು. ಎಡಗೈಯವರು ಇವನ್ನು ತಮಗೆ ತಕ್ಕಂತೆ ಬೇರೆಯಾಗಿಯೇ ಕೇಳಿ ಕೊಳ್ಳಬೇಕು.

ಉಕ್ಕಿನಲ್ಲಿಯೂ ಬಗೆಗಳುಂಟು. ‘ಶಿರೊಗಾಮಿ’ ಎಂದರೆ ಬಿಳಿ ಕಾಗದ, ‘ಅವೊಗಾಮಿ’ ಎಂದರೆ ನೀಲಿ ಕಾಗದ. ಉಕ್ಕಿಗೆ ಸುತ್ತುವ ಕಾಗದದ ಬಣ್ಣದಿಂದ ಬಂದ ಹೆಸರುಗಳಿವು, ಉಕ್ಕಿನ ಬಣ್ಣವಲ್ಲ. ಬಿಳಿ ಬಗೆಯಲ್ಲಿ ಕಬ್ಬಿಣ, ಇಂಗಾಲ ಬಿಟ್ಟರೆ ಬೇರೆ ಧಾತುಗಳು ಬಲು ಕಡಿಮೆ; ಮಸೆಯುವುದು ಸುಲಭ. ನೀಲಿ ಬಗೆಗೆ ಟಂಗ್‌ಸ್ಟನ್ ಮತ್ತು ಕ್ರೋಮಿಯಂ ಬೆರೆಸಿರುವುದರಿಂದ ಹರಿತ ಹೆಚ್ಚು ಕಾಲ ನಿಲ್ಲುತ್ತದೆ. ಆದರೂ ತುಕ್ಕು ತಡೆಯುವಷ್ಟು ಕ್ರೋಮಿಯಂ ಎರಡರಲ್ಲೂ ಇಲ್ಲ. ಹಾಸ್ಟೆಲಿನಲ್ಲೋ ಬಾಡಿಗೆ ಕೋಣೆಯಲ್ಲೋ ಅವಸರದಿಂದ ಅಡುಗೆ ಮಾಡಿಕೊಳ್ಳುವ ವಿದ್ಯಾರ್ಥಿಗೆ, ಎರಡೂ ಪಕ್ಕಕ್ಕೆ ಸ್ಟೇನ್‌ಲೆಸ್ ಹೊದಿಸಿ ನಡುವೆ ಮಾತ್ರ ಇಂಗಾಲದ ಉಕ್ಕು ಇರುವ ಚಾಕು ಮೇಲು.

ಕಪ್ಪು ಬೇರೆ, ಕೆಂಪು ಬೇರೆ

ಇಂಥ ಚಾಕುವಿನ ಆಯುಷ್ಯ ನಿರ್ಧಾರವಾಗುವುದು ಹೆಚ್ಚಿದ ನಂತರದ ಒಂದು ನಿಮಿಷದಲ್ಲಿ. ಈರುಳ್ಳಿಯನ್ನೋ ನಿಂಬೆಹಣ್ಣನ್ನೋ ಕೊಯ್ದು ಹಾಗೆಯೇ ಬಿಟ್ಟು ಫೋನಿಗೆ ಓಗೊಡಲು ಹೋದರೆ, ಬರುವಷ್ಟರಲ್ಲಿ ಅಲಗಿನ ಮೇಲೆ ಕಲೆ ಮೂಡಿರುತ್ತದೆ. ಕೆಲಸ ಮುಗಿದ ಕೂಡಲೇ ತೊಳೆದು, ಒಣಬಟ್ಟೆಯಿಂದ ಹಿಡಿಯ ಬುಡದವರೆಗೆ ಒರೆಸಿ, ಗಾಳಿಯಾಡುವಲ್ಲಿ ಇಡಬೇಕು. ಬಹಳ ದಿನ ಬಳಸದಿದ್ದರೆ ತೆಳುವಾಗಿ ಎಣ್ಣೆ ಸವರಬೇಕು. ಜಪಾನೀಯರು ಇದಕ್ಕೆ ಕ್ಯಾಮೆಲಿಯಾ ಬೀಜದ ಎಣ್ಣೆ ಬಳಸುತ್ತಾರೆ.

ಬಳಸುತ್ತ ಹೋದಂತೆ ಅಲಗು ನೀಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಹೆದರಬೇಕಿಲ್ಲ. ಈಳಿಗೆಮಣೆಯಲ್ಲಿ ಬಾಳೆಕಾಯಿ ಹೆಚ್ಚಿದವರಿಗೆಲ್ಲ ಈ ಕಪ್ಪು ಗೊತ್ತು. ಒಗರಿನ ಅಂಶ ಕಬ್ಬಿಣದೊಡನೆ ಸೇರಿ ಆಗುವ ಬಣ್ಣ ಅದು. ಮೇಲ್ಮೈಗೆ ಅಂಟಿ ನಿಂತ ಈ ಪದರ ಕೆಳಗಿನ ಲೋಹಕ್ಕೆ ಒಂದಿಷ್ಟು ರಕ್ಷಣೆಯನ್ನೂ ಕೊಡುತ್ತದೆ. ಕೆಂಪು ತುಕ್ಕು ಹಾಗಲ್ಲ. ಅದು ಪುಡಿಪುಡಿಯಾಗಿ ಉದುರುತ್ತ ಒಳಗೊಳಗೇ ಕೊರೆಯುತ್ತದೆ. ಕಂಡ ದಿನವೇ ಉಜ್ಜಿ ತೆಗೆಯಬೇಕು.

ಗಟ್ಟಿ ಉಕ್ಕು ಸುಲಭವಾಗಿ ಬಾಗದು, ಮುಕ್ಕಾಗುತ್ತದೆ. ಆದ್ದರಿಂದ ಮೂಳೆ, ತೆಂಗಿನಕಾಯಿ, ಮಂಜುಗಟ್ಟಿದ ಪದಾರ್ಥಗಳಿಗೆ ಇದನ್ನು ಹಚ್ಚಬಾರದು. ಹೆಚ್ಚುವ ಮಣೆ ಮರದ್ದಾಗಿರಲಿ. ಕಲ್ಲು, ಗಾಜು ಬೇಡ.

ಮಸೆಯುವ ಲೆಕ್ಕ

ಮೊಂಡಾದಾಗ ನೀರಿನಲ್ಲಿ ನೆನೆಸಿದ 1000 ಅಂಕದ ಸಾಣೆಕಲ್ಲು ಸಾಕು. ಇನ್ನೂ ನಯ ಬೇಕೆಂದರೆ ಆಮೇಲೆ 3000ದಿಂದ 6000 ಅಂಕದ ಕಲ್ಲು. ಎರಡೂ ಬದಿ ಮಸೆಯುವ ಚಾಕುವಿಗೆ ಪ್ರತಿ ಬದಿಗೆ ಸುಮಾರು 15 ಡಿಗ್ರಿ ಕೋನ. ತ್ರಿಕೋನಮಿತಿ ಓದುತ್ತಿರುವ ಮಕ್ಕಳು ಇದನ್ನು ತಾವೇ ಲೆಕ್ಕ ಹಾಕಬಹುದು: 45 ಮಿಲಿಮೀಟರ್ ಅಗಲದ ಅಲಗಿನ ಬೆನ್ನು ಕಲ್ಲಿನಿಂದ ಸುಮಾರು 12 ಮಿಲಿಮೀಟರ್ ಮೇಲೆದ್ದಿರಬೇಕು. ಮಸೆದಂತೆ ಆಚೆ ಬದಿಯ ಅಂಚು ಬೆರಳಿಗೆ ಒರಟಾಗಿ ಹತ್ತಿದರೆ ಮಗ್ಗುಲು ಬದಲಿಸುವ ಹೊತ್ತಾಯಿತು ಎಂದರ್ಥ. ಆದರೆ ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ ಸರಿಸಿ ನೋಡಬೇಕೇ ಹೊರತು ಅಂಚಿನ ಉದ್ದಕ್ಕೆ ಎಳೆಯಬಾರದು. ಮೊದಮೊದಲು ದೊಡ್ಡವರು ಪಕ್ಕದಲ್ಲಿರುವುದು ಒಳ್ಳೆಯದು.

ಜಪಾನಿನಲ್ಲಿ ಓದುವ ಮಕ್ಕಳಿಗೆ ಇನ್ನೊಂದು ಮಾತು. ಸಕಾರಣವಿಲ್ಲದೆ 6 ಸೆಂಟಿಮೀಟರಿಗಿಂತ ಉದ್ದದ ಅಲಗನ್ನು ಜೊತೆಯಲ್ಲಿ ಒಯ್ಯುವುದು ಅಲ್ಲಿ ಅಪರಾಧ. ಕೊಂಡ ಚಾಕುವನ್ನು ಅಂಗಡಿಯ ಪೆಟ್ಟಿಗೆ ಬಿಚ್ಚದೆ ನೇರ ಮನೆಗೆ ಒಯ್ಯಬೇಕು. ಊರಿಗೆ ತರುವಾಗ ವಿಮಾನದ ಕೈಚೀಲದಲ್ಲಿ ಇಡದೆ, ಸರಕಿನೊಡನೆ ಹೋಗುವ ಪೆಟ್ಟಿಗೆಯಲ್ಲಿ ಭದ್ರವಾಗಿ ಸುತ್ತಿಡಬೇಕು.

ಚಾಕುಗಳಿಗೆ ಹೆಸರಾದ ಗಿಫು ಪ್ರಾಂತ್ಯದ ಸೆಕಿ ನಗರದಲ್ಲಿ ನವೆಂಬರ್ 8ರಂದು ಸವೆದುಹೋದ ಚಾಕುಗಳನ್ನು ಒಟ್ಟುಮಾಡಿ, ದುಡಿದದ್ದಕ್ಕೆ ಕೃತಜ್ಞತೆ ಹೇಳಿ ಬೀಳ್ಕೊಡುವ ಪೂಜೆ ನಡೆಯುತ್ತದೆ. ಆಯುಧಪೂಜೆಯ ದಿನ ಈಳಿಗೆಮಣೆಯನ್ನು ತೊಳೆದು ಕುಂಕುಮ ಇಡುವ ಮನೆಗಳವರಿಗೆ ಇದು ಅಪರಿಚಿತವೆನಿಸದು.