ಅರಿವಿಲ್ಲದ ದಯೆ ಸಾಲದು

ರತ್ನತ್ರಯದಲ್ಲಿ ಸಮ್ಯಗ್ಜ್ಞಾನದ ನಂತರವೇ ಸಮ್ಯಕ್ ಚಾರಿತ್ರದ ಸ್ಥಾನ. ಈ ಕ್ರಮಕ್ಕೆ ಅರ್ಥವಿದೆ. ಜೀವಿಯು ಯಾವುದು, ಅದು ಯಾವುದರಿಂದ ಬದುಕುತ್ತದೆ ಎಂಬುದನ್ನು ಅರಿಯದವನ ದಯೆಯು ಕೆಲವೊಮ್ಮೆ ಹಿಂಸೆಯಾಗಿಯೇ ಪರಿಣಮಿಸುತ್ತದೆ. ಇದಕ್ಕೆ ಬ್ರಿಟನ್ನಿನ ‘ಲಾರ್ಜ್ ಬ್ಲೂ’ ಎಂಬ ನೀಲಿ ಚಿಟ್ಟೆಯೇ ನಿದರ್ಶನ.

ಈ ಚಿಟ್ಟೆ ಹುಲ್ಲುನೆಲದ ಒಂದು ಸಣ್ಣ ಗಿಡದ ಹೂಮೊಗ್ಗಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ನೆಲಕ್ಕೆ ಬಿದ್ದಾಗ ಕೆಂಪಿರುವೆಯೊಂದು ಅದನ್ನು ತನ್ನ ಮರಿಯೆಂದೇ ಭ್ರಮಿಸಿ ಗೂಡಿಗೆ ಹೊತ್ತೊಯ್ಯುತ್ತದೆ. ಹುಳು ಬೆಳೆಯುವುದು ಅಲ್ಲಿಯೇ. ಏಕೇಂದ್ರಿಯ ಗಿಡ, ತ್ರೀಂದ್ರಿಯ ಇರುವೆ ಇವೆರಡರಲ್ಲಿ ಒಂದಿಲ್ಲದಿದ್ದರೂ ಚತುರಿಂದ್ರಿಯ ಚಿಟ್ಟೆಗೆ ಬಾಳಿಲ್ಲ. ಹಿಡಿಯುವವರಿಂದ ಕಾಪಾಡಲೆಂದು ಅಲ್ಲಿ ಬೇಲಿ ಹಾಕಿದ್ದೂ ಉಂಟು. ಬೇಲಿಯು ದನಕುರಿಗಳನ್ನೂ ತಡೆಯಿತು. ರೋಗದಿಂದ ಮೊಲಗಳು ಅಳಿದವು. ಮೇಯುವವರಿಲ್ಲದೆ ಹುಲ್ಲು ಎತ್ತರವಾಯಿತು, ನೆಲ ತಂಪಾಯಿತು. ಬಿಸಿಲಿನ ನೆಲವನ್ನೇ ಬಯಸುವ ಆ ಇರುವೆ ಮರೆಯಾಯಿತು. 1979ರಲ್ಲಿ ಚಿಟ್ಟೆಯೂ ಬ್ರಿಟನ್ನಿನಿಂದ ಇಲ್ಲವಾಯಿತು. ಜೆರೆಮಿ ಥಾಮಸ್ ಎಂಬ ವಿಜ್ಞಾನಿ ಈ ಗುಟ್ಟನ್ನು ಅರಿತ ಮೇಲೆ ಹಿತಮಿತವಾಗಿ ಮೇಯಿಸಿ ಹುಲ್ಲುನೆಲವನ್ನು ಸರಿಪಡಿಸಿದರು. ಸ್ವೀಡನ್ನಿನಿಂದ ತಂದು ಬಿಟ್ಟ ಚಿಟ್ಟೆಗಳು 1980ರ ದಶಕದಿಂದ ಅಲ್ಲಿ ಮರಳಿ ನೆಲೆಗೊಂಡವು. ಬೇಲಿ ಮಾಡಲಾಗದ್ದನ್ನು ಅರಿವು ಮಾಡಿತು.

ಈ ಪಾಠ ನಮ್ಮ ಸೀಮೆಗೂ ಸಲ್ಲುತ್ತದೆ. ಸಾಲಹಳ್ಳಿ, ರಾಮದುರ್ಗ, ಸವದತ್ತಿಗಳ ಸುತ್ತಣ ಮಳೆ ಕಡಿಮೆಯ ನಾಡಿನಲ್ಲಿ ಗಾಯರಾಣ, ಗುಡ್ಡದ ಇಳಿಜಾರು, ಹೊಲದ ಬದುಗಳೇ ಹುಲ್ಲಿನ ನೆಲೆ. ಮರವಿಲ್ಲದ ನೆಲವನ್ನು ನಾವು ‘ಪಾಳು’ ಎಂದು ಕರೆದು, ಗಿಡ ನೆಟ್ಟರೆ ಪುಣ್ಯವೆಂದು ಭಾವಿಸುತ್ತೇವೆ. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ, ಎರೆಭೂತ ಹಕ್ಕಿಗಳಿಗಾಗಿ 1974ರಲ್ಲಿ ಅಭಯಾರಣ್ಯವಾದ ಸುಮಾರು 119 ಚದರ ಕಿಲೋಮೀಟರ್ ಪ್ರದೇಶದ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತು. ಬಯಲನ್ನೇ ನಂಬಿದ್ದ ಎರೆಭೂತ ಅಲ್ಲಿಂದ ಕಣ್ಮರೆಯಾಯಿತು. ನಮ್ಮ ದೇಶದ ಅತಿ ಸಣ್ಣ ಚಿಟ್ಟೆಗಳಲ್ಲೊಂದಾದ ‘ಗ್ರಾಸ್ ಜ್ಯುವೆಲ್’ ಕೂಡ ಇಂಥ ಬಿಸಿಲಿನ ಬಯಲಿನದೇ. ರೆಕ್ಕೆ ಬಿಚ್ಚಿದರೂ ಅಂಗುಲದಷ್ಟಿಲ್ಲದ ಆ ಜೀವಿಯ ಮರಿಹುಳು ನೆಲಕ್ಕಂಟಿದ ಕಿರುಗಿಡಗಳನ್ನು ತಿಂದು ಬೆಳೆಯುತ್ತದೆ. ನೆಡುತೋಪಿನ ನೆರಳು ಅದಕ್ಕೆ ಆಶ್ರಯವಲ್ಲ.

ಮಳೆಗಾಲದಲ್ಲಿ ಹಸುರು ಮೊಳೆತು ಸೂಕ್ಷ್ಮ ಜೀವಿಗಳು ಹೆಚ್ಚುವುದರಿಂದಲೇ ನಮ್ಮ ಮುನಿಗಳು ವಿಹಾರ ನಿಲ್ಲಿಸಿ ಚಾತುರ್ಮಾಸದಲ್ಲಿ ಒಂದೆಡೆ ನೆಲೆಸುತ್ತಾರೆ. ಶ್ರಾವಕನಿಗೆ ಅಷ್ಟು ಕಠಿಣ ನಿಯಮವಿಲ್ಲ. ಒಕ್ಕಲುತನದಲ್ಲಿ ಉಳುವುದು, ಕೊಯ್ಯುವುದು ಅನಿವಾರ್ಯ. ಆದರೆ ಪ್ರಯೋಜನವಿಲ್ಲದೆ ಹುಲ್ಲು ಕೀಳುವುದು, ಗಿಡ ಕಡಿಯುವುದು, ಬೆಂಕಿ ಹಚ್ಚುವುದು ಅನರ್ಥದಂಡ. ಅದರಿಂದ ವಿರತನಾಗುವುದು ಶ್ರಾವಕನ ಗುಣವ್ರತಗಳಲ್ಲಿ ಸೇರಿದೆ. ಬೇಸಿಗೆಯಲ್ಲಿ ಬದುವಿನ ಒಣಹುಲ್ಲಿಗೆ ಇಡುವ ಕಡ್ಡಿಯೊಂದು ಅಲ್ಲಿ ಅಡಗಿದ ಎಷ್ಟೋ ಮೊಟ್ಟೆ, ಕೋಶಗಳನ್ನು ಸುಡುತ್ತದೆ. ಕಳೆಯೆಂದು ನಾವು ಕಡಿಯುವ ಎಕ್ಕೆಯ ಗಿಡವೇ ಕಿತ್ತಳೆ ಬಣ್ಣದ ‘ಪ್ಲೇನ್ ಟೈಗರ್’ ಚಿಟ್ಟೆಯ ಮರಿಹುಳಿಗೆ ಅನ್ನದ ತಟ್ಟೆ.

ಆದುದರಿಂದ ಸುಡದೆ ಉಳಿಸಿದ ಒಂದು ಬದು, ಕಡಿಯದೆ ಬಿಟ್ಟ ಒಂದು ಎಕ್ಕೆ, ಸರದಿಯಂತೆ ಮೇಯಿಸಿದ ಒಂದು ಗಾಯರಾಣವೂ ಶ್ರಾವಕನ ಅಭಯದಾನವೇ. ಗಿಡ ನೆಡಬೇಡಿರೆಂದು ಇದರ ಅರ್ಥವಲ್ಲ. ಊರ ಕೆರೆಯ ದಂಡೆ, ಮನೆಯಂಗಳ, ದಾರಿಯ ಬದಿಗಳಲ್ಲಿ ನೆಡೋಣ. ಹುಲ್ಲಿನ ನೆಲವನ್ನು ಹುಲ್ಲಿಗೇ ಬಿಡೋಣ. ಯಾವ ಜೀವಕ್ಕೆ ಯಾವುದು ಮನೆಯೆಂದು ತಿಳಿದು ನಡೆದರೆ ನಮ್ಮ ಅಹಿಂಸೆಯು ಮಾತಿನಿಂದ ಇಳಿದು ನೆಲದಲ್ಲಿ ಬೇರೂರೀತು.