ಪಬ್ ಇಲ್ಲದ ಚಾಕೊಲೇಟ್ ಊರು

ರಿಚರ್ಡ್ ಮತ್ತು ಜಾರ್ಜ್ ಕ್ಯಾಡ್ಬರಿ ಎಂಬ ಅಣ್ಣತಮ್ಮಂದಿರು 1879ರಲ್ಲಿ ತಮ್ಮ ಚಾಕೊಲೇಟ್ ಕಾರ್ಖಾನೆಯನ್ನು ಬರ್ಮಿಂಗ್‌ಹ್ಯಾಮ್ ನಗರದ ಹೊಗೆಯಿಂದ ಬಿಡಿಸಿ, ದಕ್ಷಿಣದ ಹೊಲಗಳ ನಡುವೆ ತಂದಿಟ್ಟರು. ಪಕ್ಕದಲ್ಲಿ ರೈಲು, ಕಾಲುವೆ, ಬೋರ್ನ್ ಎಂಬ ಹಳ್ಳ. ನಮ್ಮ ಅಂಗಡಿಗಳಲ್ಲಿ ಸಿಗುವ ಕಪ್ಪು ಚಾಕೊಲೇಟಿನ ಮೇಲಿರುವ 'ಬೋರ್ನ್‌ವಿಲ್' ಈ ಜಾಗದ ಹೆಸರೇ.

ಕಾರ್ಖಾನೆ ಕಟ್ಟಿದವರು ಬಹಳ ಮಂದಿ. ಜಾರ್ಜ್ ಊರನ್ನೇ ಕಟ್ಟಿದ. 1893ರಲ್ಲಿ 120 ಎಕರೆ ಕೊಂಡು, ಎರಡು ವರ್ಷದಲ್ಲಿ ಮನೆಗಳ ಕೆಲಸ ಶುರುಮಾಡಿಸಿದ. ವಾಸ್ತುಶಿಲ್ಪಿ ವಿಲಿಯಂ ಅಲೆಕ್ಸಾಂಡರ್ ಹಾರ್ವೆಗೆ ಆಗಿನ್ನೂ ಹುಡುಗುವಯಸ್ಸು. ಬಾಡಿಗೆದಾರ ಬರುವ ಮೊದಲೇ ಹಿತ್ತಿಲು ಅಗೆದು ಹಣ್ಣಿನ ಗಿಡ ನೆಟ್ಟಿರುತ್ತಿದ್ದರು. ಸಣ್ಣ ಮನೆಗಳಲ್ಲಿ ಸ್ನಾನದ ತೊಟ್ಟಿ ಅಡುಗೆಮನೆಯಲ್ಲೇ. ಮಿಂದಾದ ಮೇಲೆ ಅದನ್ನು ಮಡಚಿ ಕಪಾಟಿನೊಳಗೆ ನಿಲ್ಲಿಸಿಬಿಡಬಹುದಿತ್ತು! ಮನೆಗಳು ಕಾರ್ಖಾನೆಯ ಕೆಲಸಗಾರರಿಗಷ್ಟೇ ಮೀಸಲಾಗಿರಲಿಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ.

ಕ್ಯಾಡ್ಬರಿಗಳು ಕ್ವೇಕರ್ ಪಂಥದವರು, ಕುಡಿತದ ಕಡು ವಿರೋಧಿಗಳು. ಹಾಗಾಗಿ ಬೋರ್ನ್‌ವಿಲ್‌ನಲ್ಲಿ ಪಬ್ ಇಲ್ಲ. ಇಂಗ್ಲೆಂಡಿನಲ್ಲಿ ಇದು ಸಣ್ಣ ಮಾತಲ್ಲ. 2015ರಲ್ಲಿ ಪತ್ರಿಕೆ ಮಾರುವ ಅಂಗಡಿಯೊಂದು ಮದ್ಯ ಮಾರಾಟಕ್ಕೆ ಪರವಾನಗಿ ಕೇಳಿದಾಗ ನಿವಾಸಿಗಳು ತಿರುಗಿಬಿದ್ದರು. ಆದರೂ ಕೊನೆಗೆ ಅಂಗಡಿಗೆ ಪರವಾನಗಿ ಸಿಕ್ಕಿತು.

ಪಬ್ಬಿನ ಬದಲು ಊರಿಗೆ ಸಿಕ್ಕಿದ್ದು ಗಂಟೆಗಳು. ಬೆಲ್ಜಿಯಂನ ಬ್ರೂಜ್‌ನಲ್ಲಿ ಗಂಟೆವಾದ್ಯ ಕೇಳಿ ಮರುಳಾದ ಜಾರ್ಜ್, 1906ರಲ್ಲಿ ಅಂಥದ್ದನ್ನೇ ಶಾಲೆಯ ಗೋಪುರಕ್ಕೆ ಏರಿಸಿದ. ಈಗ ಅಲ್ಲಿ 48 ಗಂಟೆಗಳಿವೆ. ವಾದಕರು ಸಾಲಾಗಿ ಜೋಡಿಸಿದ ಮರದ ಹಿಡಿಗಳನ್ನು ಮುಷ್ಟಿಯಿಂದ ಗುದ್ದುತ್ತಾ, ದೊಡ್ಡ ಗಂಟೆಗಳಿಗೆ ಕಾಲಿನಿಂದ ತುಳಿಯುತ್ತಾ ನುಡಿಸುತ್ತಾರೆ. ಕೆಳಗೆ ನಿಂತವರಿಗೆ ಇಂಪು, ಮೇಲಿದ್ದವರಿಗೆ ಬೆವರು.

ಜಾರ್ಜ್ ಒಂದು ಕಾಲದಲ್ಲಿ ವಾಸವಿದ್ದ, ಹತ್ತಿರದ ವುಡ್‌ಬ್ರುಕ್ ಮನೆ 1903ರಲ್ಲಿ ಕ್ವೇಕರ್ ಅಧ್ಯಯನ ಕೇಂದ್ರವಾಯಿತು. ದುಂಡುಮೇಜಿನ ಪರಿಷತ್ತಿಗೆ ಹೋಗಿದ್ದ ಗಾಂಧೀಜಿ 1931ರಲ್ಲಿ ಇಲ್ಲಿ ತಂಗಿದ್ದರು.

ಜಾರ್ಜ್‌ನ ನಿಜವಾದ ಜಾಣತನವಿದ್ದದ್ದು ಕಾಗದಪತ್ರದಲ್ಲಿ. 1900ರಲ್ಲಿ ಆತ ಮುನ್ನೂರಕ್ಕೂ ಹೆಚ್ಚು ಮನೆಗಳ ಈ ಊರನ್ನು 'ಬೋರ್ನ್‌ವಿಲ್ ವಿಲೇಜ್ ಟ್ರಸ್ಟ್'ಗೆ ಬರೆದುಕೊಟ್ಟ. ಬಾಡಿಗೆಯ ಹಣ ಮಕ್ಕಳ ಕೈಗೆ ಹೋಗದೆ ಊರಿಗೇ ಮರಳುವಂತಾಯಿತು. 2010ರಲ್ಲಿ ಕ್ಯಾಡ್ಬರಿ ಕಂಪನಿ ಅಮೆರಿಕದ ಕ್ರಾಫ್ಟ್ ಪಾಲಾದಾಗ ಮನೆಗಳನ್ನು ಯಾರಿಗೂ ಮುಟ್ಟಲಾಗಲಿಲ್ಲ. ಅವು ಕಂಪನಿಯ ಆಸ್ತಿಯೇ ಆಗಿರಲಿಲ್ಲ. ಟ್ರಸ್ಟಿನ ಬಿಗಿಯೂ ಸಡಿಲಾಗಿಲ್ಲ: ಸ್ವಂತ ಮನೆಯವರೂ ಹೊರಗಿನ ರೂಪ ಬದಲಿಸಬೇಕಾದರೆ ಅದರ ಒಪ್ಪಿಗೆ ಪಡೆಯಬೇಕು.